ನಾಲ್ಕೂವರೆ ದಳದ ಕಮಲ, ಹದಿಮೂರು ಶೇರು

ಶಿಗ್ಗಾಂವಿಯ ಮಧ್ವೇಶರಾವ್ ಹತ್ತಿಮತ್ತೂರ ಮಾಸ್ತರರು ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಅಂಕಗಣಿತ ಕಲಿಸಿದವರು. ಅಲ್ಲಿ ತಪ್ಪು ಮಾಡುವ ಕೆಲಸ ಹುಡುಗರದು, ತಿದ್ದುವ ಕೆಲಸ ಇವರದು. ಪೆನ್ಶನ್ ಆದ ಮೇಲೆ ತಿದ್ದಲಿಕ್ಕೆ ಹುಡುಗರು ಸಿಗಲಿಲ್ಲ. ಮನೆಯಲ್ಲಿ ಹೆಂಡತಿ ತುಳಸಾಬಾಯಿ ತಿದ್ದಿಸಿಕೊಳ್ಳುವ ಪೈಕಿ ಅಲ್ಲ. ಕಡೆಗೆ ಮುಂಬಯಿ ಶೇರು ಪೇಟೆಯನ್ನೇ ತಿದ್ದಿಬಿಡೋಣ ಎಂದು ನಿಶ್ಚಯಿಸಿದರು.

ಅದು ೧೯೩೨. ಹತ್ತಿ ಕೇಳುವವರಿಲ್ಲ, ಶೇಂಗಾ ಕೇಳುವವರಿಲ್ಲ. ಎಲ್ಲದರ ದರ ಇಳಿದು ಬಂಗಾರದ ದರ ಒಂದೇ ಏರಿ ಕುಳಿತಿತ್ತು. ಪೋಸ್ಟ್ ಮಾಸ್ತರ ನರಸಿಂಹರಾಯರು ಊರಿಗೆ ಬರುವ ಒಂದೇ ಪತ್ರಿಕೆಯನ್ನು ಮೊದಲು ತಾವು ಓದಿ, ಮಡಿಕೆ ಸರಿಮಾಡಿ, ಆಮೇಲೆ ಚಂದಾದಾರರಿಗೆ ಮುಟ್ಟಿಸುವ ಶಿಸ್ತಿನ ಮನುಷ್ಯ.

"ಮಾಸ್ತರ್ರ, ಮುಂಬೈದಾಗ ಚಿಮಣಿ ಎಣ್ಣಿ ಕಂಪನಿ ಶೇರು ನೆಲಾ ಕಚ್ಚೇದ ನೋಡ್ರಿ. ಹತ್ತು ರೂಪಾಯಿದು ನಾಕಕ್ಕ ಬಂದದ. ಇದ್ದವ್ರೆಲ್ಲಾ ಮಾರಿ ಓಡ್ಲಿಕ್ಕತ್ತಾರ" ಅಂದರು.

"ಎಲ್ಲಾರೂ ಓಡೋ ಕಡೆ ಓಡಿದ್ರ ಅದಕ್ಕ ಜಾತ್ರಿ ಅಂತಾರ, ವ್ಯಾಪಾರ ಅನ್ನೂದಿಲ್ಲ" ಎಂದು ಮಾಸ್ತರರು ಛತ್ರಿ ಊರಿದರು. "ನಾವು ಈಗ ತಗೋಬೇಕು."

ನಾವು ಅಂದರೆ ತುಳಸಾಬಾಯಿಯ ಪಾಟಲಿ. ಮಾಸ್ತರರ ಪೆನ್ಶನ್ ತಿಂಗಳ ಇಪ್ಪತ್ತಕ್ಕೇ ಉಸಿರು ಬಿಡುತ್ತಿತ್ತು. ಬಂಕಾಪುರದ ತವರಿನಿಂದ ಬಂದ ಎರಡು ಬಂಗಾರದ ಪಾಟಲಿ, ಕೈಗೊಂದರಂತೆ, ಒಂದೊಂದು ಎರಡು ತೊಲೆಯವು, ಆ ಮನೆಯ ಒಟ್ಟು ಖಜಾನೆ. ಅವು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೈ ಬಿಟ್ಟು ಇಳಿದಿರಲಿಲ್ಲ.

ಆ ಸಂಜೆ ಮಾಸ್ತರರು ಪಡಸಾಲೆಯಲ್ಲಿ ನಿಂತು ವಿಷಯ ಮಂಡಿಸಿದರು. ಬಂಗಾರ ಏರಿದೆ, ಶೇರು ಇಳಿದಿದೆ. ಏರಿದ್ದನ್ನು ಮಾರಿ ಇಳಿದದ್ದನ್ನು ಕೊಳ್ಳಬೇಕು. ಇದು ನಾಲ್ಕನೇ ಇಯತ್ತೆಯ ಲೆಕ್ಕ. ತುಳಸಾಬಾಯಿ ಬತ್ತಿ ಹೊಸೆಯುತ್ತ ಪೂರ್ತಿ ಕೇಳಿದರು.

"ಕಂಪನಿ ಮುಳುಗೇತೋ ತೇಲೇತೋ ನಿಮಗ ಹ್ಯಾಂಗ ಗೊತ್ತು?"

"ಪೇಪರಿನಾಗ ಬಂದದ."

"ಪೇಪರಿನಾಗ ಮುಳುಗೇತಿ ಅಂತ ಬಂದದಂತಲ್ರಿ. ತೇಲ್ತದ ಅನ್ನಾವ್ರು ನೀವೊಬ್ರ. ಕಣ್ಣಿಲೆ ಕಂಡಿದ್ದು ಏನರ ಪುರಾವೆ ತರ್ರಿ. ಸರಿ ಅನಸ್ತಂದ್ರ ನಾನ ತಗದ ಕೊಡ್ತೇನಿ."

ಪುರಾವೆ ಎಂಬ ಶಬ್ದ ಕೇಳಿ ಮಾಸ್ತರರಿಗೆ ಹತ್ತು ವರ್ಷ ಕಡಿಮೆಯಾಯಿತು. ರಾತ್ರಿ ಊಟ ಮಾಡುವಾಗ ದಾರಿ ಹೊಳೆದೂ ಬಿಟ್ಟಿತು. ಚಿಮಣಿ ಎಣ್ಣೆ ಬರುವುದು ತಗಡಿನ ಡಬ್ಬಿಯಲ್ಲಿ. ಎಣ್ಣೆ ತೀರಿದ ಡಬ್ಬಿ ಸಂತೆಗೆ ಬರುತ್ತದೆ; ಅದನ್ನು ಕತ್ತರಿಸಿ ಡಬ್ಬಿಗಾರರು ಎಣ್ಣೆ ಸುರಿಯುವ ಲಾಳಿಕೆ, ಜರಡಿ, ಚಿಮಣಿ ದೀಪ ಮಾಡಿ ಮಾರುತ್ತಾರೆ. ಅಂದಮೇಲೆ ಖಾಲಿ ಡಬ್ಬಿ ಎಣಿಸಿದರೆ ಎಷ್ಟು ಎಣ್ಣೆ ಉರಿಯಿತೆಂದು ತಿಳಿಯುತ್ತದೆ. ಮುಂಬಯಿಯ ದಲಾಲರು ಎತ್ತರದ ಕಟ್ಟಡದಲ್ಲಿ ಕುಳಿತು ಕಾಣಲಾರದ್ದನ್ನು ಶಿಗ್ಗಾಂವಿಯ ಒಬ್ಬ ಮಾಸ್ತರ ಸಂತೆಯಲ್ಲಿ ನಿಂತು ಕಾಣುತ್ತಾನೆ. ಈ ಮಾತನ್ನು ಅವರು ಎರಡು ಸಲ ಗಟ್ಟಿಯಾಗಿ ಅಂದರು. ಎರಡನೇ ಸಲ ಇನ್ನೂ ಚೆನ್ನಾಗಿ ಕೇಳಿಸಿತು.

ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು: ನಾಲ್ಕು ಊರು, ಬೇರೆ ಬೇರೆ ದಿನ ನಾಲ್ಕು ಸಂತೆ. ಮೊದಲು ತಮ್ಮೂರಿನದು, ಆಮೇಲೆ ಸರ್ವಿಸ್ ಮೋಟಾರು ಹತ್ತಿ ಉಳಿದ ಮೂರು, ಹೀಗೆ ಮಾಸ್ತರರು ನಾಲ್ಕನ್ನೂ ನೋಡಿದರು. ಎಣಿಸುವುದು ಗೊತ್ತಾದರೆ ಡಬ್ಬಿಯ ದರವೂ ಶೇರಿನ ದರವೂ ಏರಿಬಿಟ್ಟಾವೆಂಬ ಭಯದಿಂದ ರಸ್ತೆಯ ಆಚೆ ಬದಿಗೆ ನಿಂತು, ಛತ್ರಿ ಬಿಚ್ಚಿ ಮುಖದ ಮುಂದೆ ಹಿಡಿದು, ಅಂಚಿನಿಂದ ಇಣುಕಿ ಎಣಿಸಿದರು. ಪ್ರತಿ ಸಂತೆಯಲ್ಲೂ ಆಳೆತ್ತರದ ಒಂದು ಒಟ್ಟಿಲು. ಅದರ ಹಿಂದೆ ಕಾಣದ ಡಬ್ಬಿಗಾರನ ಸುತ್ತಿಗೆ ಸಪ್ಪಳ. ಎಣಿಸಿದ್ದನ್ನು ಎಣಿಸಿದಲ್ಲಿಯೇ ನೋಟುಬುಕ್ಕಿನಲ್ಲಿ ಬರೆದರು. ಬರೀ ಅಂಕಿ ಬರೆಯುವುದು ಗುಮಾಸ್ತರ ಕೆಲಸವೆಂದು ಪಕ್ಕದಲ್ಲಿ ಷರಾ ಕೂಡ ಬರೆದರು.

ಎಂಟನೆಯ ದಿನ ಪಡಸಾಲೆಯಲ್ಲಿ ವರದಿ ವಾಚನ. ನರಸಿಂಹರಾಯರನ್ನು ಕರೆಸಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ತುಳಸಾಬಾಯಿ ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದರು. ಪಾಟಲಿ ಸಡಿಲಾಗಲೆಂದು ಕೈಗೆ ಸೀಗೆಪುಡಿಯ ನೀರನ್ನೂ ಹಚ್ಚಿಕೊಂಡಿದ್ದರು. ಕೊಟ್ಟ ಮಾತು ಅವರಿಗೆ ಹಗುರಲ್ಲ.

"ಶಿಗ್ಗಾಂವಿ, ನೂರಾ ಹದಿನೇಳು. ಸವಣೂರು, ನೂರಾ ಹದಿನಾರು. ಹಾನಗಲ್ಲು, ನೂರಾ ಹದಿನೈದು. ಹಿರೇಕೆರೂರು, ನೂರಾ ಹದಿನೈದು. ಒಟ್ಟು ನಾಕನೂರಾ ಅರವತ್ಮೂರು" ಎಂದು ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. "ವಿಶೇಷ ಏನಪಾ ಅಂದ್ರ, ನಾಕೂ ಕಡೆ ಬೇಡಿಕಿ ಸಮಾ ಸಮಾ. ಇಂಗ್ರೇಜಿ ಸೀಮಿ, ಸವಣೂರ ನವಾಬರ ಸೀಮಿ ಅಂತ ಭೇದಿಲ್ಲ."

"ಭಲೆ" ಅಂದರು ನರಸಿಂಹರಾಯರು.

"ಷರಾ ಒಂದು. ನಾಕೂ ಊರಾಗ ಡಬ್ಬಿಗಾರರು ಒಂದ ತಾಳದಾಗ ಬಡೀತಾರ. ಒಂದ ಗುರುವಿನ ಶಿಷ್ಯರು ಇರಬೇಕು. ಷರಾ ಎರಡು. ನಾಕೂ ಊರಾಗ ಎಣ್ಣಿ ಡಬ್ಬಿಗೆ ಪೂಜಾ ಮಾಡೋ ಪದ್ಧತಿ ಅದ. ಊರಿಗೆ ಒಂದೊಂದು ಡಬ್ಬಿ ಮ್ಯಾಲೆ ಕೆಂಪು ಹುರಮಂಜಿನ ಕಮಲ, ಕುಂಕುಮ. ಜನ ಪೂಜಾ ಮಾಡೋ ಕಂಪನಿ ಮುಳುಗೂದಿಲ್ಲ. ಇನ್ನೂ ಸೂಕ್ಷ್ಮ ನೋಡ್ರಿ: ಈ ಕಮಲಕ್ಕ ನಾಕೂವರಿ ದಳ. ನಾಕೂ ಊರಾಗ ನಾಕೂವರಿನೇ. ಈ ಭಾಗದ ಪ್ರಾಚೀನ ಶಾಸ್ತ್ರ ಇದ್ದೀತು."

ತುಳಸಾಬಾಯಿ ಸೀಗೆ ನೀರಿನ ಕೈ ತಡೆದರು.

"ಅರ್ಧಾ ದಳ ಯಾವ ಕಡೆ ಇತ್ತು?"

"ಎಡಕ್ಕ."

"ಅದರ ಕೆಳಗ ಬೆಕ್ಕಿನ ಹೆಜ್ಜಿ ಮೂಡಿತ್ತೇನು?"

ಮಾಸ್ತರರು ನೋಟುಬುಕ್ಕು ತಿರುವಿದರು. "ಅದನ್ನ ನಾನು ಪುಷ್ಪ ಅಂತ ಬರದೇನಿ."

ತುಳಸಾಬಾಯಿ ಎದ್ದು ಒಳಗೆ ಹೋದರು. ಒಳಗಿನಿಂದ ಬಂದ ಸಪ್ಪಳ ಕೆಮ್ಮೋ ನಗೆಯೋ ಎಂದು ನರಸಿಂಹರಾಯರು ಕಿವಿ ಕೊಟ್ಟು ಕೇಳಿ, ನಗೆಯೇ ಎಂದು ತೀರ್ಮಾನಿಸಿದರು. ಆಕೆ ಮರಳಿ ಬಂದಾಗ ಕೈಯಲ್ಲಿ ಒಂದು ಲಾಳಿಕೆ ಇತ್ತು.

"ದೀಪಾವಳಿ ಲಕ್ಷ್ಮೀಪೂಜಾಕ್ಕ ಅಕ್ಕಿ ಹಾಕೋ ಹಳೇ ಎಣ್ಣಿ ಡಬ್ಬಿ ಮ್ಯಾಲೆ ನಾನ ತಗದ ಕಮಲ ರೀ ಅದು. ಐದನೇ ದಳ ತಗೀಲಿಕ್ಕತ್ತಿದ್ದೆ, ಬೆಕ್ಕು ಹಾರಿ ಬಂತು. ತಳಾ ತೂತು ಬಿತ್ತಂತ ಸಂಕ್ರಾಂತಿ ಮುಂದ ಡಬ್ಬಿಗಾರ ರಾಜೇಸಾಬಗ ಕೊಟ್ಟು ಈ ಲಾಳಿಕಿ ತಗೊಂಡೆ. ನಿಮ್ಮ ಮನ್ಯಾಗ ಐದು ವರ್ಷ ಇತ್ತು. ನೋಡ್ಲಿಕ್ಕೆ ಹಿರೇಕೆರೂರಿಗೆ ಹೋಗಬೇಕಾತು ನಿಮಗ."

ರಾಜೇಸಾಬ ಎರಡು ಓಣಿ ಆಚೆಯವನು. ಹೇಳಿ ಕಳಿಸಿದೊಡನೆ ಬಂದು ಕಟ್ಟೆಯ ಮೇಲೆ ಕುಳಿತ.

"ಹೌದ್ರಿ ಬಾಯಾರ, ನಾಕೂ ಸಂತೀಗೆ ನಂದ ಗಾಡಿ. ಅವ ಡಬ್ಬಿ ಹೇರಕೊಂಡು ತಿರಗಾಕತ್ತೇನಿ. ಸವಣೂರಿನ್ಯಾಗ ಒಂದು ಕತ್ತರಿಸಿದೆ, ಹಾನಗಲ್ಲಿನ್ಯಾಗ ಒಂದು." ಆಮೇಲೆ ಮಾಸ್ತರರ ಕಡೆ ತಿರುಗಿ ದನಿ ತಗ್ಗಿಸಿದ. "ನಿಮ್ಮನ್ನ ನಾಕೂ ಕಡೆ ನೋಡಿದ್ನಿರಿ. ಬಿಸಲಿಲ್ಲ ಮಳಿಲ್ಲ, ಛತ್ರಿ ಮಾರಿ ಮುಂದ. ಮಾಸ್ತರು ಯಾರನ್ನೋ ತಪ್ಪಿಸಿಕೊಂಡು ಅಡ್ಡಾಡಾಕತ್ತಾರ, ನಾ ಯಾಕ ಹೆಸರ ಹಿಡದ ಕರೀಲಿ ಅಂತ ಸುಮ್ನಿದ್ದೆ."

ನರಸಿಂಹರಾಯರು ಪತ್ರಿಕೆಯಿಂದ ಮುಖ ಮುಚ್ಚಿಕೊಂಡರು. ಪತ್ರಿಕೆ ಅಲುಗುತ್ತಿತ್ತು.

ಮಾಸ್ತರರು ನೋಟುಬುಕ್ಕಿನ ನಾಲ್ಕೂ ಲೆಕ್ಕದ ಮೇಲೆ ಬೆರಳಾಡಿಸಿದರು. ಮೂರು ಊರಿನ ಮೋಟಾರು ಖರ್ಚು, ಎಂಟು ದಿನ, ಒಂದು ಪ್ರಾಚೀನ ಶಾಸ್ತ್ರ ಒಟ್ಟಿಗೇ ಹೋಗಿದ್ದವು. ಆಮೇಲೆ ತಲೆ ಎತ್ತಿದರು.

"ಲೆಕ್ಕ ತಪ್ಪೇನಲ್ಲ" ಅಂದರು. "ನಾಕು ಸಲ ತಾಳೆ ನೋಡಿದಂಗಾತು. ಡಬ್ಬಿ ನೂರಾ ಹದಿನೈದು. ಅದರಾಗ ಸಂಶಯ ಇಲ್ಲ."

ಅಲ್ಲಿಗೆ ಪಾಟಲಿಯ ಮಾತು ಮುಗಿಯಬೇಕಿತ್ತು. ನರಸಿಂಹರಾಯರು ಎದ್ದೂ ನಿಂತಿದ್ದರು. ಆದರೆ ತುಳಸಾಬಾಯಿ ಲಾಳಿಕೆಯನ್ನು ತಿರುವುತ್ತ ರಾಜೇಸಾಬನನ್ನು ಕೇಳಿದರು:

"ಅಲ್ಲೋ, ವಾರಕ್ಕ ಎರಡ ಡಬ್ಬಿ ಕತ್ತರಿಸಿದ್ರ ನಿನ್ನ ಹೊಟ್ಟಿ ಹ್ಯಾಂಗ ನಡೀತದ? ಏನು ಮಾರ್ತಿ?"

"ಜರಡಿ ತಗೊಳ್ಳವಲ್ರು, ಬಕೀಟು ತಗೊಳ್ಳವಲ್ರು. ಚಿಮಣಿ ಮಾತ್ರ ಖರ್ಚಾಕ್ಕಾವ್ರಿ. ಒಂದ ಡಬ್ಬಿಗೆ ಎಷ್ಟೋ ಚಿಮಣಿ ಆಕ್ಕಾವು. ಕಂದೀಲಿನ ಗಾಜು ಒಡದ್ರ ಹೊಸಾದು ತರೂ ತಾಕತ್ತಿಲ್ಲ ಮಂದೀಗೆ, ಆಣೇಕ್ಕೊಂದು ಚಿಮಣಿ ಒಯ್ತಾರ. ಗೊಟಗೋಡಿಯಾಗ ಮೊನ್ನೆ ಒಂದ ದಿನಕ್ಕ ಹನ್ನೆರಡ ಹ್ವಾದ್ವು. ಸಕ್ಕರಿ ಬಿಟ್ಟವ್ರನ್ನ ನೋಡೇನಿ, ಧೋತ್ರ ಬಿಟ್ಟವ್ರನ್ನ ನೋಡೇನಿ. ದೀಪ ಬಿಟ್ಟವ್ರನ್ನ ಇನ್ನೂ ನೋಡಿಲ್ಲ."

ತುಳಸಾಬಾಯಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎರಡು ವರ್ಷದಿಂದ ತಾವು ಏನೇನು ಬಿಟ್ಟಿದ್ದರು? ಸಕ್ಕರೆ ಹೋಗಿ ಬೆಲ್ಲ ಬಂದಿತ್ತು, ಇಳಕಲ್ ಸೀರೆ ಹೋಗಿ ಹಳೆಯದರ ಅಂಚು ಹೊಲಿದದ್ದು ಬಂದಿತ್ತು. ಕೋಣೆಯ ಮೂಲೆಯಲ್ಲಿ ಎಣ್ಣೆಯ ಬಾಟಲಿ ಮಾತ್ರ ಇದ್ದಲ್ಲೇ ಇತ್ತು. ಆಕೆ ಬಲಗೈಯನ್ನು ಚೂಪಾಗಿ ಕೂಡಿಸಿ, ಹಲ್ಲು ಕಚ್ಚಿ, ಒಂದು ಪಾಟಲಿ ಎಳೆದರು. ಮೂವತ್ತು ವರ್ಷದ ಬಿಳಿ ಗೆರೆ ಮಣಿಕಟ್ಟಿನ ಮೇಲೆ ಉಳಿಯಿತು.

"ಒಂದ" ಅಂದರು. "ನೀವು ಅಂದಷ್ಟ ಖರೇ ಅಲ್ಲ, ಪೇಪರಿನವ್ರು ಅಂದಷ್ಟ ಸುಳ್ಳೂ ಅಲ್ಲ. ಇನ್ನೊಂದು ನನ್ನ ಕೈಯಾಗಿರ್ಲಿ."

"ಒಂದ ಪಾಟ್ಲಿ ಹಾಕ್ಕೊಂಡು ತಿರುಗಿದ್ರ ಮಂದಿ ಏನಂತಾರ?" ಎಂದರು ಮಾಸ್ತರರು.

"ಏನರ ಅನ್ಲಿ. ಇನ್ನೊಂದು ಎಣ್ಣಿ ಕಂಪನ್ಯಾಗ ನೌಕರಿಗೆ ಹೋಗೇದ ಅಂತ ಹೇಳ್ತೇನಿ."

ಹಾಗೆಯೇ ಹೇಳಿದರೂ ಕೂಡ. ಹುಬ್ಬಳ್ಳಿಯ ದಲಾಲನ ಮೂಲಕ ಹದಿಮೂರು ಶೇರು ಬಂದವು. ಐದು ವರ್ಷ ಅರಿಷಿಣ ಕುಂಕುಮಕ್ಕೆ ಹೋದಲ್ಲೆಲ್ಲ ತುಳಸಾಬಾಯಿಯ ಬಲಗೈಯಲ್ಲಿ ಗಾಜಿನ ಬಳೆ, ಎಡಗೈಯಲ್ಲಿ ಬಂಗಾರ. ಹೆಂಗಸರು "ನೌಕರಿಗೆ ಹೋದಾಕಿ ಪಗಾರ ಕಳಸ್ಯಾಳೇನ್ರಿ?" ಎಂದು ಕೇಳುವರು. ಮೊದಲೆರಡು ವರ್ಷ ಪಗಾರ ಬರಲೇ ಇಲ್ಲ. ಆಗ ಮಾಸ್ತರರು ಹೆಂಡತಿಯ ಎಡಗೈ ಕಡೆಗೇ ಕುಳಿತು ಊಟ ಮಾಡುತ್ತಿದ್ದರು. ಬಲಗೈ ನೋಡಿದರೆ ತುತ್ತು ಇಳಿಯುತ್ತಿರಲಿಲ್ಲವೆಂದು ಒಮ್ಮೆ ನರಸಿಂಹರಾಯರ ಮುಂದೆ ಮಾತ್ರ ಹೇಳಿದ್ದರು. ಮೂರನೇ ವರ್ಷ ಸಣ್ಣ ಲಾಭಾಂಶ ಬಂತು. ೧೯೩೭ರಲ್ಲಿ ಶೇರು ಹನ್ನೆರಡೂವರೆಗೆ ಏರಿತು.

"ಇನ್ನೂ ಏರ್ತದ, ತಡೀಬೇಕು" ಅಂದರು ಮಾಸ್ತರರು.

"ನೀವು ತಡೀರಿ. ನನ್ನ ಕೈ ತಡಿಯೂದಿಲ್ಲ" ಅಂದರು ತುಳಸಾಬಾಯಿ.

ಆರು ಶೇರು ಮಾರಿ ಸವಣೂರಿನ ಪತ್ತಾರನ ಕಡೆಯಿಂದ ಎರಡು ತೊಲೆಯ ಪಾಟಲಿ ಮಾಡಿಸಿದರು. ಹಳೆಯದಕ್ಕೆ ಅದು ತಕ್ಕ ಜೋಡಿ ಆಗಲಿಲ್ಲ. ಹೊಸದು ಹೆಚ್ಚು ಮಿಂಚುತ್ತಿತ್ತು. ದುಡಿದು ಬಂದಾಕಿ ಮಿಂಚಲಿ ಬಿಡಿ ಅಂದರು ಆಕೆ.

ಉಳಿದ ಏಳು ಶೇರು ಮಾಸ್ತರರನ್ನು ಮಾಲಕರನ್ನಾಗಿ ಮಾಡಿದವು. ಛತ್ರಿಯ ಸಂಗತಿ ಬಿಟ್ಟು ಉಳಿದ ಕಥೆಯನ್ನು ಅವರು ಊರೆಲ್ಲ ಹೇಳಿದರು. ೧೯೪೩ರಲ್ಲಿ ಯುದ್ಧದ ದೆಸೆಯಿಂದ ಎಣ್ಣೆ ರೇಷನ್ನಿಗೆ ಬಂದಾಗ ಗುದ್ಲೆಪ್ಪನ ಅಂಗಡಿಯ ಮುಂದೆ ಬಾಟಲಿ ಹಿಡಿದ ಸಾಲು ಊರ ಅಗಸಿ ಬಾಗಿಲವರೆಗೆ ಬೆಳೆಯಿತು. ಮಾಸ್ತರರು ನೇರ ಮುಂದೆ ಹೋಗಿ, ತಾವು ಈ ಕಂಪನಿಯ ಒಬ್ಬ ಮಾಲಕರೆಂದು ತಿಳಿಸಿದರು.

"ಭಾಳ ಚಲೋ ಆತ್ರಿ ಮಾಲಕ್ರ" ಅಂದ ಗುದ್ಲೆಪ್ಪ. "ನಿಮ್ಮ ಎಣ್ಣಿ ತಗೋಳಾಕ ಎಷ್ಟ ಮಂದಿ ನಿಂತಾರ ನೋಡ್ಕೋತ ಹಿಂದಕ ಹೋಗ್ರಿ."

ಅವರು ಹಿಂದಕ್ಕೆ ಹೋದರು. ಹೋಗುತ್ತ ಎಣಿಸಿದರು. ಸಾಲಿನ ಕೊನೆಯಲ್ಲಿ ತುಳಸಾಬಾಯಿ ಬಾಟಲಿ ಹಿಡಿದು ನಿಂತಿದ್ದರು.

"ಎಂಬತ್ತೊಂದು ಮಂದಿ" ಅಂದರು ಮಾಸ್ತರರು ಎದೆ ಸೆಟೆಸಿ. "ಕಂಪನಿ ಗಟ್ಟಿ ಅದ."

"ಮುಂದ ಎಣ್ಣಿ ತಗೊಂಡವ್ರು ಹಿಂದ ಬಂದು ಮತ್ತ ನಿಂತಾರೇನು ನೋಡ್ರಿ" ಎಂದು ತುಳಸಾಬಾಯಿ ಬಾಟಲಿಯನ್ನು ಕೈಯಿಂದ ಕೈಗೆ ಬದಲಿಸಿದರು. ಎರಡೂ ಕೈಯಲ್ಲಿ ಪಾಟಲಿ ಇದ್ದವು.

ಮಾಸ್ತರರು ಛತ್ರಿ ಮಡಿಚಿ ಆಕೆಯ ಕೈಗೆ ಕೊಟ್ಟು, ಸಾಲಿನ ಮುಂದಿನ ತುದಿಗೆ ನಡೆದುಹೋಗಿ, ಮೊದಲಿನಿಂದ ಎಣಿಸತೊಡಗಿದರು. ಈ ಸಲ ಒಬ್ಬೊಬ್ಬರ ಮುಖ ನೋಡಿ.