ಅಕ್ಕಿ ಡಬ್ಬಿಯೊಳಗಿನ ಜೋಳ

ಹೋದ ವಾರ ಹೈದರಾಬಾದಿನ ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ ಯಾರೋ ಒಣಗಿದ ತಾಳೆಗರಿಗಳನ್ನು ಗುಡ್ಡೆ ಹಾಕಿ ಸುಡುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಸಿಸ್ಟರ್ ನೆನಪಾದರು... ಬೂದಿ ಬುಧವಾರದ ಬೆಳಿಗ್ಗೆ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಅವರು ಹೆಬ್ಬೆರಳಿನಿಂದ ಹಣೆಗೆ ಶಿಲುಬೆಯಾಕಾರದಲ್ಲಿ ಹಚ್ಚುತ್ತಿದ್ದ ಬೂದಿಗೂ ಇದೇ ವಾಸನೆ ಇತ್ತು.

ಹೈದರಾಬಾದ್ ಆಗ ಆಂಧ್ರದ ರಾಜಧಾನಿ. ಅಪ್ಪನ ಸರ್ಕಾರಿ ನೌಕರಿಯ ಬೆನ್ನು ಹತ್ತಿ ನಾವು ಕಲಬುರ್ಗಿ ಕಡೆಯಿಂದ ಬಂದವರು. ನಾನು ಮೊದಲ ಸಲ ಆ ಬೂದಿ ಹೊತ್ತು ಮನೆಗೆ ಬಂದಾಗ ಅಮ್ಮ ಗಾಬರಿಯಾದಳು. ಅಜ್ಜಿ ಮಾತ್ರ ಹತ್ತಿರ ಕರೆದು ನೋಡಿ, "ಅಡ್ಡ ಹಚ್ಚೋದು ಬಿಟ್ಟು ಹಿಂಗ್ಯಾಕ ಗೀಚ್ಯಾರ? ಇರ್ಲಿ ಬಿಡು, ವಿಭೂತಿ ವಿಭೂತಿನ" ಎಂದಳು.

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಆ ತಪಸ್ಸುಕಾಲದಲ್ಲಿ ಪ್ರತಿ ತರಗತಿಯಲ್ಲೂ ಒಂದು ತಗಡಿನ ಡಬ್ಬಿ ಇಡುತ್ತಿದ್ದರು. ತಮ್ಮ ಊಟದಲ್ಲಿ ಉಳಿಸಿದ ಒಂದು ಹಿಡಿ ಅಕ್ಕಿಯನ್ನು ಮಕ್ಕಳು ದಿನವೂ ತಂದು ಅದಕ್ಕೆ ಹಾಕಬೇಕು. ಕೊನೆಗೆ ಅದೆಲ್ಲ ವೃದ್ಧಾಶ್ರಮಕ್ಕೆ. ಅಜ್ಜಿ ತಿನ್ನುತ್ತಿದ್ದುದು ಜೋಳದ ರೊಟ್ಟಿ. ತಾನು ಮುಟ್ಟದ ಅಕ್ಕಿಯನ್ನು ಕೊಟ್ಟರೆ ಅದೆಂಥ ದಾನ ಎಂದು ಅವಳ ವಾದ. ದಿನಕ್ಕೊಂದು ರೊಟ್ಟಿ ಕಡಿಮೆ ಮಾಡಿ, ಆ ಜೋಳವನ್ನೇ ನನ್ನ ಕೈಗೆ ಹಾಕಿ ಕಳಿಸಿದಳು.

ಅಕ್ಕಿಯ ಮೇಲೆ ಜೋಳ ಕಂಡು ನಮ್ಮ ಕ್ಲಾಸ್ ಟೀಚರ್ ಕೆಂಡವಾದರು. ಬಾಚಿ ತೆಗೆದು ಕಿಟಕಿಯಾಚೆ ಚೆಲ್ಲಿ, "ಯೇ ತೋ ಕಬೂತರಾಂ ಕಾ ದಾನಾ ಹೈ" ಅಂದರು. ಪಾರಿವಾಳಕ್ಕೆ ಹಾಕುವ ಕಾಳಂತೆ! ಇಡೀ ತರಗತಿ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, ನೀವು ಸುಳ್ಳು ಹೇಳುತ್ತೀರಿ, ಇದನ್ನು ನಮ್ಮಜ್ಜಿ ತಿನ್ನುತ್ತಾಳೆ ಎಂದೆ. ಚೆಲ್ಲಿದ್ದು ತಪ್ಪಾಗಲಿಲ್ಲ, ಟೀಚರಿಗೆ ಎದುರು ಮಾತಾಡಿದ್ದು ತಪ್ಪಾಯಿತು.

ನಮಗೆ ನೀತಿಪಾಠ ಹೇಳುತ್ತಿದ್ದ ಆ ಸಿಸ್ಟರ್ ಮಂಗಳೂರಿನವರು. ಅಂದೇ ಸಂಜೆ, ಜೋಳಕ್ಕೆಂದೇ ಹಾಲಿನ ಪುಡಿಯ ಖಾಲಿ ಡಬ್ಬಿಯೊಂದನ್ನು ಹಿಡಿದು ನನ್ನ ಜೊತೆ ಮನೆಗೆ ಬಂದು, ಶಾಲೆಯ ಪರವಾಗಿ ಅಜ್ಜಿಗೆ ಕೈಮುಗಿದು ಕ್ಷಮೆ ಕೇಳಿದರು.

"ನೀವ್ಯಾಕ ಕೈ ಮುಗೀತೀರಿ ತಾಯಿ? ಚೆಲ್ಲಿದಾಕಿ ಬಂದು ಕೇಳ್ಲಿ" ಎಂದ ಅಜ್ಜಿ ಒಳಗೆ ಹೋಗಿ ಡಬ್ಬಿಯ ತಳಕ್ಕೆ ಒಂದು ಹಿಡಿ ಜೋಳ ಹಾಕಿಕೊಂಡು ಬಂದಳು. "ಕೊಡೋದು ಬ್ಯಾರೆ, ಮಾಫಿ ಬ್ಯಾರೆ. ಇದು ನಾಳಿಂದ ದಿನಾ ತುಂಬತೈತಿ."

ಸಿಸ್ಟರ್ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ನಕ್ಕರು. ನನ್ಸ್ ಹಾಗೆ ನಗುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗುಡ್ ಫ್ರೈಡೇಗೆ ಮುಂಚೆ ಶಾಲೆಯಲ್ಲಿ ಕ್ಷಮೆಯ ದಿನ ಬಂತು. ಮುನಿಸಿಕೊಂಡವರು ಎಲ್ಲರೆದುರು ಕೈಕುಲುಕಬೇಕು, ಆಮೇಲೆ ಡಬ್ಬಿಗಳು ಹೊರಡಬೇಕು. ಹೆಡ್‌ಮಿಸ್ಟ್ರೆಸ್ ಮದರ್ ನನ್ನನ್ನು ವೇದಿಕೆಗೆ ಕರೆದು, ಟೀಚರಲ್ಲಿ ಕ್ಷಮೆ ಕೇಳು, ಇಲ್ಲದಿದ್ದರೆ ನಿನ್ನ ಡಬ್ಬಿ ಇಲ್ಲೇ ಉಳಿಯುತ್ತದೆ ಎಂದರು. ಅಜ್ಜಿ ಅಷ್ಟು ದಿನ ಹೊಟ್ಟೆ ಕಟ್ಟಿ ತುಂಬಿಸಿದ ಡಬ್ಬಿ. ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ಬಿಡಲಿಲ್ಲ.

ಸಿಸ್ಟರ್ ಮುಂದೆ ಬಂದರು. "ಇವಳು ಕ್ಷಮೆ ಕೇಳುವವರೆಗೆ ಹಸಿದವರು ಕಾಯಬೇಕಾ, ಮದರ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ನನ್ನನ್ನು ಹಿಡಿದು, "ನಡಿ ಮಾರಾಯ್ತಿ" ಎಂದು ಹೊರಗೆ ಕರೆದುಕೊಂಡು ಹೋದರು.

ವೃದ್ಧಾಶ್ರಮದಲ್ಲಿ ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಡಬ್ಬಿಯೊಳಗೆ ಕೈ ಹಾಕಿ, ಕಾಳನ್ನು ಬೆರಳ ಸಂದಿಯಲ್ಲಿ ಸುರಿಸುತ್ತಾ, "ಜೊನ್ನಲಾ! ಎನ್ನಾಳ್ಳಯಿಂದೋ..." ಎಂದಳು. ಜೋಳ ಕಂಡು ಎಷ್ಟು ಕಾಲವಾಯಿತೋ ಎಂದು. ಆಶ್ರಮದಲ್ಲಿ ಅವಳಿಗೆ ಸಿಗುತ್ತಿದ್ದುದು ಬರೀ ಅನ್ನ.

ಬೇಸಿಗೆ ರಜೆ ಮುಗಿಸಿ ಹೋದರೆ ಸಿಸ್ಟರ್ ಇರಲಿಲ್ಲ. ವರ್ಗ ಎಂದರು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಅದು ಶಿಕ್ಷೆಯೇ.

ಎಷ್ಟೋ ವರ್ಷಗಳ ಮೇಲೆ ಅವರು ಶಂಶಾಬಾದ್ ಕಡೆಯ ಒಂದು ಕಾನ್ವೆಂಟಿನಲ್ಲಿ ಸಿಕ್ಕರು. ಅಷ್ಟರಲ್ಲಿ ಅಜ್ಜಿ ಇರಲಿಲ್ಲ, ಅವಳ ಡಬ್ಬಿ ನನ್ನ ಬಳಿ ಇತ್ತು. ಅಲ್ಲಿಂದ ಮುಂದೆ ಪ್ರತಿ ತಪಸ್ಸುಕಾಲದ ಕೊನೆಗೆ ಅದನ್ನು ಹಿಡಿದು ಹೋಗುತ್ತಿದ್ದೆ. ಪ್ರತಿ ಸಲವೂ ಅವರದು ಅದೇ ಪ್ರಶ್ನೆ.

"ಆ ಟೀಚರನ್ನು ಕ್ಷಮಿಸಿದೆಯಾ?"

"ಇಲ್ರಿ ಸಿಸ್ಟರ್."

"ಡಬ್ಬಿ ತುಂಬಿತಾ?"

"ತುಂಬೈತ್ರಿ."

"ಹಾಗಾದ್ರೆ ನಡಿ ಮಾರಾಯ್ತಿ, ಕೊಟ್ಟು ಬರುವ."

ಈ ಸಲ ಹೋಗುವ ಮೊದಲು ಫೋನ್ ಮಾಡಿದೆ. ಚಳಿಗಾಲದಲ್ಲೇ ತೀರಿಕೊಂಡರಂತೆ... ಹೇಳಿ ಕಳಿಸಲು ನಾನು ಯಾರ ಸಂಬಂಧಿಯೂ ಅಲ್ಲವಲ್ಲ. ಆ ರಾತ್ರಿ ಅತ್ತೆ. ಬೆಳಿಗ್ಗೆ ಎದ್ದು, ಅಜ್ಜಿ ಮಾಡುತ್ತಿದ್ದಂತೆ, ಅಂದೂ ನನ್ನ ಪಾಲಿನ ಒಂದು ರೊಟ್ಟಿ ಕಡಿಮೆ ಮಾಡಿ ಆ ಜೋಳವನ್ನು ಡಬ್ಬಿಗೆ ಹಾಕಿದೆ.

ಇವತ್ತು ಡಬ್ಬಿ ಹಿಡಿದು ವೃದ್ಧಾಶ್ರಮಕ್ಕೆ ಒಬ್ಬಳೇ ಆಟೋ ಹತ್ತಿದ್ದೇನೆ. ಕೇಳುವವರು ಯಾರೂ ಇಲ್ಲ, ಆದರೂ ಹೇಳುತ್ತೇನೆ. ಕ್ಷಮಿಸಿಲ್ಲ ಸಿಸ್ಟರ್. ಡಬ್ಬಿ ತುಂಬಿದೆ.