ತುರ್ಗುನ್ ಅಕಾನ ಉದ್ದನೆಯ ಬದಿ

ತಾಷ್ಕೆಂಟಿನ ಹಳೇ ಪೇಟೆಯ ಮದುವೆಗಳಲ್ಲಿ ಎಲ್ಲರೂ ಅಕಾ, ಅಂದರೆ ಅಣ್ಣ, ಎಂದು ಕರೆಯುವ ತುರ್ಗುನ್‌ನ ಆರ್ಗನ್ನಿಗೆ ಕುಣಿಯದವರು ಕಡಿಮೆ. ಅವನ ರೆಕಾರ್ಡನ್ನು ಪೂರ್ತಿ ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಪ್ರಾಯದಲ್ಲಿ ಅವನೂ ಮೂವರು ಗೆಳೆಯರೂ ಸೇರಿ ಮಾಡಿದ್ದು ಅದೊಂದೇ ರೆಕಾರ್ಡು. ಮೊದಲ ಬದಿಯಲ್ಲಿ ಕುಣಿಯುವ ಹಾಡುಗಳು. ಎರಡನೆಯದರಲ್ಲಿ ತುರ್ಗುನ್ ತಾನೇ ಕಟ್ಟಿದ ಒಂದೇ ಒಂದು ಉದ್ದನೆಯ ವಾದನ; ಅರ್ಧ ಜಾಜ್, ಅರ್ಧ ರಾಕ್. ಜಾಜಿನವರು ಗದ್ದಲ ಎಂದರು, ರಾಕಿನವರು ತೂಕಡಿಕೆ ಬರುತ್ತದೆ ಎಂದರು. ಮದ್ದಳೆಗೆ ಎರಡೂ ಕಡೆ ಪೆಟ್ಟು! ಅಂಗಡಿಗಳಲ್ಲಿ ಧೂಳು ತಿಂದು ಅದು ಹೇಳಹೆಸರಿಲ್ಲದಂತಾಯಿತು. ಗೆಳೆಯರಲ್ಲಿ ಇಬ್ಬರು ಮಣ್ಣು ಸೇರಿದರು, ಇನ್ನೊಬ್ಬ ಇಸ್ರೇಲಿನ ಹೈಫಾ ಸೇರಿದ.

ಹೆಂಡತಿ ಸಾಲಿಹಾ ಅದನ್ನು ಕೇಳಿದ್ದೇನಿದ್ದರೂ ಅಡುಗೆಮನೆಯಿಂದ, ಪಲಾವಿನ ಈರುಳ್ಳಿ ಹುರಿಯುತ್ತ. "ಮುಗೀತಾ ನಿಮ್ಮ ಉದ್ದಂದು?" ಎಂದು ಕೂಗುತ್ತಿದ್ದಳು. ಆ ಊರಲ್ಲಿ ಬಂದವರಿಗೆ ಚಹಾ ಬಗ್ಗಿಸುವುದು ಗುಟುಕು ಗುಟುಕಾಗಿ, ಅದೇ ಮರ್ಯಾದೆ. ಬಟ್ಟಲು ತುಂಬಿಸಿಕೊಟ್ಟರೆ ಕುಡಿದು ಹೊರಡಿ ಎಂದರ್ಥ. "ನಮ್ಮನೇಲಿ ಬಟ್ಟಲು ತುಂಬಿಸೋದೇ ಬೇಡ ಕಣ್ರೇ, ಇವರ ಉದ್ದಂದು ಹಾಕಿದ್ರೆ ಸಾಕು, ನೆಂಟ್ರು ಚಪ್ಪಲಿ ಹುಡುಕ್ತಾರೆ!" ಎಂದು ನೆರೆಯವರ ಮುಂದೆ ನಗುತ್ತಿದ್ದಳು.

ಅವಳು ತೀರಿಹೋದ ಮೇಲೆ ಮುಗೀತಾ ಎಂದು ಕೇಳುವವರೂ ಇಲ್ಲವಾದರು. ಒಬ್ಬರು, ಒಬ್ಬರೇ ಒಬ್ಬರು, ಅದನ್ನು ಕೊನೆವರೆಗೆ ಕೇಳಿಬಿಟ್ಟರೆ ಸಾಕು ಎಂದು ತುರ್ಗುನ್ ಒಳಗೊಳಗೇ ಹಪಹಪಿಸುತ್ತಿದ್ದ.

ಒಂದು ಮಧ್ಯಾಹ್ನ ಫೋಜಿಲ್ ಎಂಬ ದರ್ಜಿ ಬಾಗಿಲು ತಟ್ಟಿದ. ಹಳೇ ರೆಕಾರ್ಡುಗಳ ಹುಚ್ಚಿನವನು. ಕೈಯಲ್ಲಿ ಆ ರೆಕಾರ್ಡಿನ ಖಾಲಿ ಹೊದಿಕೆ!

"ಗುಜರೀಲಿ ಸಿಕ್ತು ಅಕಾ, ಒಳಗೆ ತಟ್ಟೇನೇ ಇಲ್ಲ. ನಿಮ್ಮ ಹೆಸರು ನೋಡಿ ಹುಡುಕ್ಕೊಂಡು ಬಂದೆ. ಎರಡನೇ ಬದಿ ಕೇಳಿಸ್ತೀರಾ? ಪೂರ್ತಿ?"

ತುರ್ಗುನ್ ಸಡಗರದಿಂದ ಅವನನ್ನು ಒಳಗೆ ಕರೆದ. ಬಾಗಿಲಿಂದ ದೂರದ, ದೊಡ್ಡವರು ಕೂರುವ ಜಾಗದಲ್ಲಿ ಕೂರಿಸಿದ, ರೊಟ್ಟಿ ಮುರಿದಿಟ್ಟ, ಗುಟುಕು ಚಹಾ ಕೊಟ್ಟ, ಎರಡನೇ ಬದಿಯ ಮೇಲೆ ಮುಳ್ಳು ಇಳಿಸಿದ. ಫೋಜಿಲ್ ಕಣ್ಣು ಮುಚ್ಚಿ ತಲೆದೂಗತೊಡಗಿದ. ಬಟ್ಟಲು ಬರಿದಾಯಿತು. ತುರ್ಗುನ್ ಮತ್ತೆ ಗುಟುಕು ಬಗ್ಗಿಸಿದಾಗ ಕೆಟಲಿನ ಮೂತಿ ಟಣ್ಣೆಂದಿತು, ಫೋಜಿಲ್ ಕಣ್ಣು ಬಿಟ್ಟ. ಛೆ! ಆ ಗುಟುಕೂ ಮುಗಿಯಿತು. ಈಗ ಬರುವುದು ಆರ್ಗನ್ ಒಂದೇ ಮೆಲ್ಲಗೆ ನುಡಿಯುವ ಭಾಗ, ತುರ್ಗುನ್‌ನ ಜೀವ ಇದ್ದದ್ದೇ ಅಲ್ಲಿ. ಇನ್ನು ನಡುವೆ ಸದ್ದು ಮಾಡಬಾರದೆಂದು ಬಟ್ಟಲನ್ನು ಒಂದೇ ಸಲ ಅಂಚಿನವರೆಗೆ ತುಂಬಿಸಿ ಮುಂದಿಟ್ಟು, ತಾನೂ ಕಣ್ಣು ಮುಚ್ಚಿದ.

ಉಂಡು ಏಳುವಾಗಿನ ಪ್ರಾರ್ಥನೆಯ "ಓಮಿನ್" ಕೇಳಿ ಕಣ್ಣು ಬಿಟ್ಟರೆ, ಫೋಜಿಲ್ ಅಂಗೈಗಳಿಂದ ಮುಖ ಸವರಿಕೊಂಡು ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು. ಸುಡುವ ಚಹಾವನ್ನು ಗಟಗಟ ಕುಡಿದಿದ್ದ.

"ಜಾಸ್ತಿ ಹೊತ್ತು ಕೂತುಬಿಟ್ಟೆ ಅಕಾ, ತಪ್ಪು ತಿಳೀಬೇಡಿ."

"ಅಯ್ಯೋ, ಕೂತ್ಕೊಳ್ಳಪ್ಪಾ, ಇನ್ನೂ ಮುಗಿದಿಲ್ಲ!"

ಯಾವ ಮನೆಯವರಾದರೂ ಹೊಸ್ತಿಲಲ್ಲಿ ಉಪಚಾರಕ್ಕೆ ಹೇಳುವ ಮಾತೇ ಅದು. ಫೋಜಿಲ್ ನಂಬಲಿಲ್ಲ. ಎದೆಗೆ ಕೈಯಿಟ್ಟು ಬಾಗಿ, ಜೋಡು ಮೆಟ್ಟಿ ಹೊರಟೇಬಿಟ್ಟ.

ತುರ್ಗುನ್ ಒಳಗೆ ಬಂದ. ಅಂಚಿನವರೆಗೂ ಒದ್ದೆಯಾಗಿದ್ದ ಬಟ್ಟಲನ್ನು ಕಂಡಾಗ ತಾನು ಮಾಡಿದ್ದೇನೆಂದು ಹೊಳೆಯಿತು. ಓಡಿ ಬೀದಿಗೆ ಬಂದ, ಬೀದಿ ಖಾಲಿ. ಎಲ್ಲಿಯ ದರ್ಜಿಯೋ, ಅದನ್ನೂ ಕೇಳಿರಲಿಲ್ಲ.

ಮರಳಿ ಬಂದು ನೆಂಟನ ಜಾಗದಲ್ಲಿ ಕೂತು ಕೊನೆವರೆಗೂ ತಾನೇ ಕೇಳಿದ. ಮುಳ್ಳು ಕರಕರ ಎನ್ನತೊಡಗಿದಾಗ ಅಡುಗೆಮನೆಯ ಕಡೆ ತಿರುಗಿದ.

"ಮುಗೀತು ಕಣೇ," ಎಂದ.