ನಾನು ಬಿಡದ ನೀರು

“ನಿಲ್ಲಪ್ಪಾ, ನಿಲ್ಲು! ನೀರು ಯಾವಾಗ ಬಿಡ್ತೀಯ?”

ಲಕ್ಕವಳ್ಳಿಗೆ ಹೋಗುವ ಕಾಲುವೆ ಏರಿಯ ಮೇಲೆ ಅಜ್ಜಿಯೊಬ್ಬರು ನನ್ನ ಸೈಕಲ್ಲಿಗೆ ಅಡ್ಡ ನಿಂತುಬಿಟ್ಟರು. ಕಾಲುವೆ ಒಣಗಿತ್ತು. ಪಕ್ಕದಲ್ಲೇ ಅವರ ಭತ್ತದ ಸಸಿಮಡಿ ಹಳದಿಗೆ ತಿರುಗಿತ್ತು. ನನ್ನ ಹೆಲ್ಮೆಟ್ಟು, ಮಿರಮಿರ ಮಿನುಗುವ ಅಂಗಿ ನೋಡಿ, ತೂಬು ಎತ್ತಿ ನೀರು ಬಿಡುವ ಹೊಸ ನೀರುಗಂಟಿ ನಾನೇ ಎಂದುಕೊಂಡಿದ್ದರು.

ನಾನು ತರೀಕೆರೆಯ ಹೈಸ್ಕೂಲ್ ಮೇಷ್ಟ್ರು. ಹೊಟ್ಟೆ ಕರಗಿಸಲು ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವವನು.

“ನಾನು ಅವನಲ್ಲ ಅಜ್ಜಿ. ಸುಮ್ನೆ ಡ್ಯಾಮ್ ತಂಕ ಹೋಗಿ, ಒಂದು ರೌಂಡ್ ಹೊಡ್ಕೊಂಡು ಬತ್ತೀನಿ” ಎಂದೆ.

“ಅಷ್ಟು ದೂರ ಹೋಗಿ ಸುಮ್ನೆ ಯಾಕ್ ಬತ್ತೀಯ? ನೀರು ಬಿಡಿಸ್ಕೊಂಡೇ ಬಾ!”

ತಪ್ಪಿಸಿಕೊಂಡರೆ ಸಾಕೆಂದು “ಹೂಂ” ಅಂದು ಪೆಡಲ್ ತುಳಿದೆ.

ಡ್ಯಾಮಿನ ಹತ್ತಿರ ಇಡ್ಲಿ ತಿಂದು, ಮರದ ನೆರಳಲ್ಲಿ ಒಂದು ಗಂಟೆ ಕೂತು ವಾಪಸ್ ಹೊರಟವನು ನೋಡುತ್ತೇನೆ, ಕಾಲುವೆಯಲ್ಲಿ ಕೆಂಪು ನೀರು ನನ್ನ ಜೊತೆಗೇ ಓಡಿ ಬರುತ್ತಿದೆ! ಬಿಟ್ಟವರು ಯಾರೋ ದೇವರಿಗೇ ಗೊತ್ತು. ಅಜ್ಜಿ ಮೂತಿ ಕೆತ್ತಿದ ಎಳನೀರು ಹಿಡಿದು ಅದೇ ಜಾಗದಲ್ಲಿ ಕಾಯುತ್ತಿದ್ದರು. ನಾನು ಬಿಡಿಸಿದ್ದಲ್ಲ ಎಂದು ಮೂರು ಸಲ ಹೇಳಿದೆ.

“ಸುಮ್ಕಿರು ಮಗಾ. ಕೆಲ್ಸ ಮಾಡೋರು ಯಾವತ್ತೂ ನಾನ್ ಮಾಡ್ದೆ ಅನ್ನಲ್ಲ.”

ಎಳನೀರು ಇಸ್ಕೊಂಡು ಕುಡಿದೆ. ಸಿಹಿಯಾಗಿತ್ತು.

ಈಗ ಭಾನುವಾರ ಸೈಕಲ್ ಹತ್ತುವ ಮುಂಚೆ, ಕಾಲುವೆಯಲ್ಲಿ ನೀರಿದೆಯೇ ಎಂದು ಯಾರನ್ನಾದರೂ ವಿಚಾರಿಸುತ್ತೇನೆ. ಇಲ್ಲ ಅಂದರೆ ಮೆಲ್ಲಗೆ ಅಜ್ಜಂಪುರದ ಕಡೆ ಹ್ಯಾಂಡಲ್ ತಿರುಗಿಸುತ್ತೇನೆ.